ಎರಡನೇ ವರ್ಷದ ಮಂಗಳವಾರ ಮಧ್ಯಾಹ್ನ

(ಶಾಲೆಯ ಕೊನೆಯ ವರ್ಷದಲ್ಲಿರುವ ಮಕ್ಕಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಎಳೆದಾಡಿದ್ದನ್ನು ಇಲ್ಲಿ ಸ್ವಲ್ಪ ಬಿಗಿ ಮಾಡಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಎರಡು ಪ್ರಶ್ನೆ ಕೇಳಿಬಿಡುತ್ತೇನೆ. ಬಿಸಿನೆಸ್ ಓದಬೇಕು, ಇಂಥದೇ ವಿಶ್ವವಿದ್ಯಾಲಯಕ್ಕೆ ಸೇರಬೇಕು ಅಂತ ಆಗಲೇ ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಂಡಿರುವವರು ಎಷ್ಟು ಜನ? ಕೈ ಎತ್ತಿ. ಪರವಾಗಿಲ್ಲ, ಅರ್ಧ ಸಭಾಂಗಣ ಎತ್ತಿದೆ. ಸರಿ, ಆ ಕೋರ್ಸಿನ ಎರಡನೇ ವರ್ಷದಲ್ಲಿ ಯಾವ ಯಾವ ವಿಷಯ ಇದೆ ಅಂತ ನೋಡಿದವರು?

ಎರಡು ಕೈ. ಅದರಲ್ಲಿ ಒಂದು ತಲೆ ಕೆರೆದುಕೊಳ್ಳಲು ಎತ್ತಿದ್ದು.

ನಗಬೇಡಿ, ನಿಮ್ಮ ವಯಸ್ಸಿನಲ್ಲಿ ನಾನೂ ನೋಡಿರಲಿಲ್ಲ. ಕೋರ್ಸಿನ ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಅಂತ ಇತ್ತು. ನನಗೆ ಅಷ್ಟು ಸಾಕಾಯಿತು. ಸೂಟ್ ಹಾಕಿಕೊಂಡು ವಿಮಾನದಿಂದ ಇಳಿಯುವ ಚಿತ್ರ ಕಣ್ಣ ಮುಂದೆ ಬಂತು. ಸೇರಿದ ಮೇಲೆ ಗೊತ್ತಾಯಿತು, ಪಕ್ಕದ ಕೊಠಡಿಯ ಸಾಮಾನ್ಯ ಬಿಸಿನೆಸ್ ಪದವಿಗೂ ನಮಗೂ ಮೂರು ವರ್ಷದಲ್ಲಿ ಇದ್ದ ವ್ಯತ್ಯಾಸ ಎರಡೇ ಎರಡು ವಿಷಯ. ಫೀಸ್ ಮಾತ್ರ ಜಾಸ್ತಿ. ಆ ಕಾಲೇಜನ್ನು ನಾನು ಬೈಯುವ ಹಾಗಿಲ್ಲ. ವಿಷಯಗಳ ಪಟ್ಟಿಯನ್ನು ಅವರು ಬಚ್ಚಿಟ್ಟಿರಲಿಲ್ಲ. ಬ್ರೋಶರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಮೊದಲ ಪುಟದ ಹುಲ್ಲುಹಾಸು ನೋಡುತ್ತಾ ಕೂತಿದ್ದೆ.

ಆಮೇಲೆ ನಾನೇ ಅಕೌಂಟಿಂಗ್ ಪಾಠ ಮಾಡುವವನಾದೆ. ವರ್ಷಾ ವರ್ಷ ನನ್ನ ಎದುರು ಕೂತ ಮಕ್ಕಳನ್ನು ನೋಡಿದೆ. ಅದರಿಂದ ಒಂದು ಅಭ್ಯಾಸ ಬಂದಿದೆ. ಯಾರಾದರೂ "ಸರ್, ಯಾವ ಕೋರ್ಸ್ ತಗೊಳ್ಳಲಿ?" ಅಂದರೆ, "ಎರಡನೇ ವರ್ಷದ ಒಂದು ಮಂಗಳವಾರ ಮಧ್ಯಾಹ್ನ ನೀನು ಏನು ಮಾಡ್ತಾ ಇರ್ತೀಯ ಅಂತ ಕಂಡುಹಿಡಿದುಕೊಂಡು ಬಾ" ಅನ್ನುತ್ತೇನೆ. ಮೊದಲ ವರ್ಷದ ಉತ್ಸಾಹ ಇಳಿದಿರುತ್ತದೆ. ಕೊನೆಯ ವರ್ಷದ ಕೆಲಸದ ಹುಡುಕಾಟ ಇನ್ನೂ ದೂರ ಇರುತ್ತದೆ. ಊಟ ಆಗಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ಆಗ ನಿಮ್ಮ ಮುಂದೆ ಇರುವ ಕೆಲಸ ಏನು? ಪದವಿ ಅಂದರೆ ಬಹುಪಾಲು ಅದೇ. ಇವತ್ತು ನಾನು ಹೇಳುವುದೆಲ್ಲ ಆ ಮಧ್ಯಾಹ್ನವನ್ನು ಮುಂಚೆಯೇ ನೋಡುವುದು ಹೇಗೆ ಅಂತ.

ಒಂದು ಮಧ್ಯಾಹ್ನ ತೋರಿಸುತ್ತೇನೆ. ನನ್ನ ವಿದ್ಯಾರ್ಥಿನಿ ಒಬ್ಬಳು ಟ್ರಯಲ್ ಬ್ಯಾಲೆನ್ಸ್ ಮಾಡುತ್ತಿದ್ದಳು. ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್ ಒಂದು ಕಡೆ, ಕ್ರೆಡಿಟ್ ಒಂದು ಕಡೆ ಬರೆದು ಕೂಡಿಸುವುದು. ಎರಡೂ ಕಡೆ ತಾಳೆ ಆಗಬೇಕು. ಅವಳದು ಆಗಲಿಲ್ಲ. 270 ವ್ಯತ್ಯಾಸ. ಮತ್ತೆ ಕೂಡಿಸಿದಳು, ಮತ್ತೆ 270. ಅದರ ಅರ್ಧ 135ನ್ನು ಹುಡುಕಿದಳು. ಡೆಬಿಟ್‌ಗೆ ಹೋಗಬೇಕಾದ ಮೊತ್ತ ಕ್ರೆಡಿಟ್‌ಗೆ ಹೋಗಿದ್ದರೆ ವ್ಯತ್ಯಾಸ ಅದರ ಎರಡರಷ್ಟು ಆಗುತ್ತದಲ್ಲ, ಅದಕ್ಕೆ. 135 ಎಲ್ಲೂ ಇರಲಿಲ್ಲ. ಆಗ 270 ಒಂಬತ್ತರಿಂದ ಭಾಗವಾಗುತ್ತದೆ ಅನ್ನುವುದು ಹೊಳೆಯಿತು. ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲು ಆಗಿರಬಹುದು ಅಂತ ನಮ್ಮ ಕಸುಬಿನಲ್ಲಿ ಒಂದು ಹಳೆಯ ಉಪಾಯ. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. 630 ಇರಬೇಕಾದ ಕಡೆ 360. "ಸಿಕ್ತು!" ಅಂತ ಕೂಗಿದಳು ನೋಡಿ, ಪಕ್ಕದಲ್ಲಿ ತೂಕಡಿಸುತ್ತಿದ್ದ ಹುಡುಗ ಬೆಚ್ಚಿಬಿದ್ದ.

ಆ ಹುಡುಗನಿಗೂ ಅದೇ ಲೆಕ್ಕ ಕೊಟ್ಟಿದ್ದೆ. ಅವನು ಎರಡನೇ ಸಲ ಕೂಡಿಸಿದ ಮೇಲೆ ಪುಸ್ತಕ ಮುಚ್ಚಿದ್ದ. ಅವನು ದಡ್ಡ ಅಲ್ಲ. ಅದೇ ಹುಡುಗ ತರಗತಿಯ ಮುಂದೆ ನಿಂತು ಯಾವ ವಸ್ತುವನ್ನಾದರೂ ಮಾರಿಬಿಡುತ್ತಿದ್ದ. ಅವನಿಗೆ ಬೇಕಿದ್ದದ್ದು ಮಾರ್ಕೆಟಿಂಗ್ ಹೆಚ್ಚಿರುವ ಕೋರ್ಸ್. ಸೇರಿದ್ದು ಅರ್ಧಕ್ಕರ್ಧ ಅಕೌಂಟಿಂಗ್ ಇರುವ ಕೋರ್ಸ್. ಎರಡರ ಹೊರಗಡೆಯೂ 'ಬಿಸಿನೆಸ್' ಅಂತಲೇ ಬರೆದಿರುತ್ತದೆ.

ಹೀಗೇಕೆ ಅಂದರೆ ಈ ಪದವಿಗೆ ಒಂದೇ ಮೂಲ ಇಲ್ಲ. ಪ್ಯಾರಿಸ್‌ನಲ್ಲಿ 1819ರಲ್ಲೇ ವರ್ತಕರ ಮಕ್ಕಳಿಗಾಗಿ ಒಂದು ಶಾಲೆ ಶುರುವಾಯಿತು. ಈಗ ಇಎಸ್‌ಸಿಪಿ ಅಂತ ಕರೆಯುವುದು ಅದನ್ನೇ. ಅಮೆರಿಕದಲ್ಲಿ ಜೋಸೆಫ್ ವಾರ್ಟನ್ ಅನ್ನುವ ಉದ್ಯಮಿ 1881ರಲ್ಲಿ ಒಂದು ಲಕ್ಷ ಡಾಲರ್ ಕೊಟ್ಟು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಳಗೇ ಬಿಸಿನೆಸ್ ಶಾಲೆ ತೆರೆಸಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಕಾಮರ್ಸ್ ವಿಭಾಗ ಬಂತು. ಒಂದು ಕಡೆ ಲೆಕ್ಕಪತ್ರ ಮುಂದೆ, ಇನ್ನೊಂದು ಕಡೆ ಅರ್ಥಶಾಸ್ತ್ರ ಮುಂದೆ. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳು ಬೇರೆಬೇರೆಯಾಗಿ ವರದಿ ಮಾಡಿಸಿದವು. ಎರಡೂ ವರದಿ ಅಮೆರಿಕದ ಬಿಸಿನೆಸ್ ಶಾಲೆಗಳ ಚಳಿ ಬಿಡಿಸಿದವು. ನಿಮ್ಮದು ತೀರಾ ಕಸುಬಿನ ಮಟ್ಟದ ಪಾಠ, ಆಳ ಇಲ್ಲ ಅಂದವು. ಆಮೇಲೆ ಗಣಿತ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ ಎಲ್ಲ ಒಳಗೆ ಬಂದವು. ಈಗ ಕಂಪನಿಯವರು ಬಂದು "ಮಕ್ಕಳಿಗೆ ಕೆಲಸವೇ ಬರಲ್ಲ, ಬರೀ ಥಿಯರಿ" ಅನ್ನುತ್ತಾರೆ. ಈ ಜಗ್ಗಾಟ ಇನ್ನೂ ಮುಗಿದಿಲ್ಲ. ನೀವು ಸೇರುವ ಕೋರ್ಸ್ ಹಗ್ಗದ ಯಾವ ತುದಿಯಲ್ಲಿದೆ ಅನ್ನುವುದು ವಿಷಯಗಳ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಹೆಸರುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಿಕಾಂ, ಬಿಬಿಎ, ಬಿಎಸ್ಸಿ ಮ್ಯಾನೇಜ್‌ಮೆಂಟ್, ಬಿಎ ಬಿಸಿನೆಸ್. ಸಾಮಾನ್ಯವಾಗಿ ಬಿಕಾಂನಲ್ಲಿ ಅಕೌಂಟಿಂಗ್, ತೆರಿಗೆ, ಕಾನೂನು ಜಾಸ್ತಿ. ಬಿಬಿಎಯಲ್ಲಿ ಮ್ಯಾನೇಜ್‌ಮೆಂಟ್ ಜಾಸ್ತಿ. ಬಿಎಸ್ಸಿ ಅಂದರೆ ಸಂಖ್ಯೆ ಸ್ವಲ್ಪ ಹೆಚ್ಚಿರಬಹುದು. ಆದರೆ ದೇಶದಿಂದ ದೇಶಕ್ಕೆ, ಒಂದೇ ಊರಿನ ಎರಡು ಕಾಲೇಜಿನ ನಡುವೆಯೂ ಇದು ಬದಲಾಗುತ್ತದೆ. ಹೆಸರನ್ನು ಸುಳಿವು ಅಂತ ಇಟ್ಟುಕೊಳ್ಳಿ, ಅಷ್ಟೇ.

ಹೊಸ ಹೊಸ ಹೆಸರುಗಳ ಮೇಲೆ ಮಾತ್ರ ಸ್ವಲ್ಪ ಅನುಮಾನ ಇರಲಿ. ಯಾವ ಪದ ಆ ವರ್ಷ ಎಲ್ಲರ ಬಾಯಲ್ಲಿ ಇರುತ್ತದೋ ಅದನ್ನು ಪದವಿಗೆ ಅಂಟಿಸಿರುತ್ತಾರೆ. ಅದನ್ನು ಓದಲೇಬೇಡಿ ಅಂತ ಅಲ್ಲ. ಮೂರು ನಾಲ್ಕು ವರ್ಷದಲ್ಲಿ ಆ ಪದ ಹಳಸಿದರೆ ಕೈಯಲ್ಲಿ ಉಳಿಯುವುದು ಏನು ಅಂತ ಕೇಳಿಕೊಳ್ಳಿ. ಲೂಕಾ ಪಾಚಿಯೋಲಿ ಅನ್ನುವ ಸನ್ಯಾಸಿ, ಗಣಿತದ ಮೇಷ್ಟ್ರು, 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಜೋಡಿ ನಮೂದಿನ ಲೆಕ್ಕ, ಅಂದರೆ ಪ್ರತಿ ವ್ಯವಹಾರವನ್ನೂ ಡೆಬಿಟ್ ಒಂದು ಕಡೆ, ಕ್ರೆಡಿಟ್ ಒಂದು ಕಡೆ ಎರಡು ಸಲ ಬರೆಯುವುದನ್ನು, ವಿವರಿಸಿದ್ದಾನೆ. ನನ್ನ ವಿದ್ಯಾರ್ಥಿನಿ 270 ಹುಡುಕಿದ್ದು ಅದೇ ಲೆಕ್ಕದಲ್ಲಿ. ಐನೂರು ವರ್ಷ ಆಗಿದೆ, ಇನ್ನೂ ಅದು ಹಳಸಿಲ್ಲ. ಅಕೌಂಟಿಂಗ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಒಪ್ಪಂದದ ಕಾನೂನು, ಚೆನ್ನಾಗಿ ಬರೆಯುವುದು. ಇವು ಗಟ್ಟಿಯಾಗಿರುವ ಕೋರ್ಸಿಗೆ ಯಾವ ಹೊಸ ಹೆಸರು ಇಟ್ಟರೂ ನನಗೆ ತಕರಾರಿಲ್ಲ. (ಅಕೌಂಟಿಂಗ್ ಮೇಷ್ಟ್ರು ಅಕೌಂಟಿಂಗ್ ಹೊಗಳುತ್ತಿದ್ದಾನೆ ಅಂತ ಹಿಂದಿನ ಸಾಲಿನವರು ಗೊಣಗಿದ್ದು ಕೇಳಿಸಿತು. ಒಪ್ಪಿದೆ.)

ಈಗ ನಿಜವಾದ ಕೆಲಸ. ಕೋರ್ಸಿನ ವೆಬ್‌ಸೈಟಿಗೆ ಹೋಗಿ. ಹುಲ್ಲುಹಾಸು, ನಗುವ ಮುಖಗಳು, ಮಾಜಿ ವಿದ್ಯಾರ್ಥಿಯ ಎರಡು ಸಾಲು, ಎಲ್ಲ ದಾಟಿ ಕೆಳಗೆ ಬನ್ನಿ. ಎರಡನೇ ವರ್ಷದ ಒಂದು ವಿಷಯವನ್ನು ತೆರೆಯಿರಿ. ಅಲ್ಲಿ ಒಂದು ಒಣ ಪುಟ ಇರುತ್ತದೆ. ಚಿತ್ರ ಇರಲ್ಲ, ಬಣ್ಣ ಇರಲ್ಲ. ಅದರಷ್ಟು ಪ್ರಾಮಾಣಿಕ ಪುಟ ಇಡೀ ವೆಬ್‌ಸೈಟಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಯಾಕೆಂದರೆ ಅದನ್ನು ಬರೆದವರು ಪ್ರಚಾರ ವಿಭಾಗದವರಲ್ಲ. ಪಾಠ ಮಾಡುವ ಮೇಷ್ಟ್ರೇ ಒಲ್ಲದ ಮನಸ್ಸಿನಿಂದ ಬರೆದಿರುತ್ತಾರೆ.

ಯುರೋಪಿನ ಪದ್ಧತಿಯನ್ನೇ ತೆಗೆದುಕೊಳ್ಳೋಣ, ಅಲ್ಲಿ ಲೆಕ್ಕ ಸಲೀಸು. ವರ್ಷಕ್ಕೆ 60 ಕ್ರೆಡಿಟ್, ಮೂರು ವರ್ಷದ ಪದವಿಗೆ 180. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಹಾಗಾದರೆ 6 ಕ್ರೆಡಿಟ್‌ನ ಒಂದು ವಿಷಯಕ್ಕೆ 150ರಿಂದ 180 ಗಂಟೆ. ಪುಟದಲ್ಲಿ 'ತರಗತಿ: 40 ಗಂಟೆ' ಅಂತ ಇದೆ ಅಂದುಕೊಳ್ಳಿ. ಉಳಿದ ನೂರಹತ್ತು ಗಂಟೆಗೂ ಜಾಸ್ತಿ ನೀವೊಬ್ಬರೇ ಕೂತು ಮಾಡಬೇಕಾದ ಕೆಲಸ. ಅದು ಏನು? ಓದುವುದೋ, ಲೆಕ್ಕ ಬಿಡಿಸುವುದೋ, ಪ್ರಬಂಧ ಬರೆಯುವುದೋ, ನಾಲ್ಕು ಜನರ ಗುಂಪಿನಲ್ಲಿ ಕೂತು ಸ್ಲೈಡ್ ಮಾಡುವುದೋ? ನಿಮ್ಮ ಮಂಗಳವಾರ ಮಧ್ಯಾಹ್ನ ಇರುವುದೇ ಅಲ್ಲಿ.

ಅದರ ಕೆಳಗೆ ಅಂಕ ಹೇಗೆ ಕೊಡುತ್ತಾರೆ ಅಂತ ಇರುತ್ತದೆ. ಪೂರ್ತಿ ಶೇ 100 ಕೊನೆಯ ಪರೀಕ್ಷೆಯೋ ಅಥವಾ ಅರ್ಧ ಗುಂಪಿನ ಪ್ರಾಜೆಕ್ಟೋ ನೋಡಿಕೊಳ್ಳಿ. ಬಿಸಿನೆಸ್ ಕೋರ್ಸುಗಳಲ್ಲಿ ಗುಂಪಿನ ಪ್ರಾಜೆಕ್ಟ್ ಬೇರೆ ಪದವಿಗಳಿಗಿಂತ ಜಾಸ್ತಿಯೇ ಇರುತ್ತದೆ. ಕಂಪನಿಯಲ್ಲೂ ಹೀಗೇ ಇರುತ್ತದೆ, ಅಭ್ಯಾಸ ಆಗಲಿ ಅನ್ನುವುದು ವಾದ. ವಾದ ಸರಿಯೇ. ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗುಂಪುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಾತ್ರಿ ಎರಡು ಗಂಟೆಗೆ ಒಬ್ಬಳೇ ಹುಡುಗಿ ನಾಲ್ವರ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ನಾಲ್ವರಿಗೂ ಒಂದೇ ಅಂಕ. ಹಾಗಾಗಿ ಕೇಳಿ: ಗುಂಪಿನೊಳಗೆ ಯಾರು ಎಷ್ಟು ಮಾಡಿದರು ಅಂತ ಇಲ್ಲಿ ನೋಡುತ್ತಾರಾ? ನೋಡುವ ಕಡೆ ಉತ್ತರ ತಕ್ಷಣ ಬರುತ್ತದೆ.

ಅಕೌಂಟೆಂಟ್ ಆಗಬೇಕು ಅಂತ ನಿರ್ಧರಿಸಿದವರು ಇನ್ನೊಂದು ಹೆಜ್ಜೆ ಮುಂದೆ ನೋಡಬೇಕು. ಪದವಿ ಬೇರೆ, ವೃತ್ತಿಯ ಪರವಾನಗಿ ಬೇರೆ. ಎಸಿಸಿಎ ಅನ್ನುವ ಬ್ರಿಟನ್ನಿನ ಅಕೌಂಟೆಂಟರ ಸಂಸ್ಥೆಯ ಪರೀಕ್ಷೆ ಈಗಿರುವ ಪದ್ಧತಿಯಲ್ಲಿ 13 ಪೇಪರ್. ಅವರು ಒಪ್ಪಿದ ಪದವಿ ಇದ್ದರೆ ಅದರಲ್ಲಿ 9ರವರೆಗೆ ವಿನಾಯಿತಿ ಸಿಗಬಹುದು. ಒಪ್ಪದ ಪದವಿಗೆ ಕಡಿಮೆ ಸಿಗಬಹುದು, ಸಿಗದೆಯೂ ಇರಬಹುದು. ಎರಡೂ ಪದವಿಗೆ ಮೂರು ವರ್ಷವೇ, ಆದರೆ ಆಮೇಲಿನ ದಾರಿಯ ಉದ್ದದಲ್ಲಿ ವರ್ಷಗಳ ವ್ಯತ್ಯಾಸ. ಅಮೆರಿಕದ ಅಕೌಂಟೆಂಟ್ ಪರವಾನಗಿಯಾದ ಸಿಪಿಎ ಇನ್ನೂ ಮಜಾ. ಅಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ (ಅಲ್ಲಿನ ಕ್ರೆಡಿಟ್ ಅಳತೆ ಯುರೋಪಿನದಲ್ಲ, ಬೇರೆ). ಪರವಾನಗಿಗೆ ಬಹುಕಾಲ ಕೇಳುತ್ತಿದ್ದದ್ದು 150. ಪದವಿ ಪ್ರದಾನದ ಟೋಪಿ ಹಾರಿಸಿದ ಮೇಲೆ "ಅಯ್ಯೋ, ಇನ್ನೂ 30 ಬೇಕಂತೆ" ಅಂದವರು ಕಡಿಮೆ ಜನ ಅಲ್ಲ. ಈಚೆಗೆ ಹಲವು ರಾಜ್ಯಗಳು ಈ ನಿಯಮ ಸಡಿಲಿಸಿವೆ. ಆದ್ದರಿಂದ ಅಣ್ಣನ ಕಾಲದ ಮಾತು ನಂಬಬೇಡಿ. ಆ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಕೋರ್ಸಿನ ಹೆಸರು ಹಾಕಿ ನೀವೇ ಹುಡುಕಿ.

ಇನ್ನು ವಿಶ್ವವಿದ್ಯಾಲಯ. ಪಾಲಕರು ಈಗ ನೆಟ್ಟಗೆ ಕೂತರು, ಗೊತ್ತಾಯಿತು.

ರ್‍ಯಾಂಕಿಂಗ್ ಬಗ್ಗೆ ಕೇಳೇ ಕೇಳುತ್ತೀರಿ. ಕ್ಯೂಎಸ್ ಅನ್ನುವ ಸಂಸ್ಥೆ ಮಾಡುವ ವಿಶ್ವವಿದ್ಯಾಲಯಗಳ ವಿಶ್ವ ಪಟ್ಟಿಯನ್ನೇ ನೋಡಿ. 2024ರ ಆವೃತ್ತಿಯಿಂದ ಅದರಲ್ಲಿ ಶೇ 30 ಅಂಕ ಬೇರೆ ವಿಶ್ವವಿದ್ಯಾಲಯದ ವಿದ್ವಾಂಸರು ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ. ಶೇ 20 ಸಂಶೋಧನೆಯನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅನ್ನುವುದಕ್ಕೆ. ಕೆಲಸ ಕೊಡುವವರ ಅಭಿಪ್ರಾಯಕ್ಕೆ ಶೇ 15. ಇವು ಸುಳ್ಳು ಅಳತೆಗಳಲ್ಲ. ಆದರೆ ನಿಮ್ಮ ತರಗತಿಯಲ್ಲಿ ಯಾರಾದರೂ ಬಂದು ಕೂತು ಪಾಠ ಕೇಳಿ ಅಂಕ ಕೊಟ್ಟಿದ್ದಾರಾ? ಇಲ್ಲ. ಸಂಶೋಧನೆಯಲ್ಲಿ ದೊಡ್ಡ ಹೆಸರು ಇರುವ ಪ್ರೊಫೆಸರ್ ಮೊದಲ ಪದವಿಯ ಮಕ್ಕಳಿಗೆ ಪಾಠ ಮಾಡದೆಯೇ ಇರಬಹುದು.

ಕೆಲವು ಸಲ ಅಳತೆಯೇ ಸುಳ್ಳಾಗುತ್ತದೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಬಿಸಿನೆಸ್ ಶಾಲೆಯ ಆನ್‌ಲೈನ್ ಎಂಬಿಎ 2015ರಿಂದ 2018ರವರೆಗೆ ಯುಎಸ್ ನ್ಯೂಸ್ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ಸತತ ನಾಲ್ಕು ವರ್ಷ ಮೊದಲ ಸ್ಥಾನದಲ್ಲಿತ್ತು. ಆಮೇಲೆ ನೋಡಿದರೆ ಕಳಿಸಿದ ಮಾಹಿತಿಯೇ ತಪ್ಪು. ಸೇರಿದ ಎಲ್ಲರೂ ಜಿಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಕೊಟ್ಟಿದ್ದಾರೆ ಅಂತ ಬರೆದಿದ್ದರು, ಕೊಟ್ಟವರು ಸ್ವಲ್ಪ ಜನ. ಶಾಲೆಯ ಮಾಜಿ ಡೀನ್ 2021ರಲ್ಲಿ ನ್ಯಾಯಾಲಯದಲ್ಲಿ ತಪ್ಪಿತಸ್ಥ ಅಂತ ತೀರ್ಮಾನವಾಗಿ, ಮರುವರ್ಷ 14 ತಿಂಗಳ ಜೈಲು ಶಿಕ್ಷೆ ಆಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾವು ಸುಮ್ನೆ ಹೇಳುವುದಿಲ್ಲ ತಾನೇ?

ಇದಕ್ಕಿಂತ ಸಾಮಾನ್ಯವಾದ ಮೋಸ ಒಂದಿದೆ. ಅದನ್ನು ನಮಗೆ ನಾವೇ ಮಾಡಿಕೊಳ್ಳುತ್ತೇವೆ. ಬಿಸಿನೆಸ್ ಶಾಲೆ ಅಂದ ಕೂಡಲೇ ನಮ್ಮ ತಲೆಗೆ ಬರುವ ಹೆಸರುಗಳು ಎಂಬಿಎಯಿಂದ ಬಂದವು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಶುರುವಾದದ್ದೇ ಎಂಬಿಎಗಾಗಿ. ಅಲ್ಲಿ ಮೊದಲ ಪದವಿಗೆ ಸೇರುವವರಿಗೆ ಬಿಸಿನೆಸ್ ಅನ್ನುವ ಪದವಿಯೇ ಇಲ್ಲ, ಅರ್ಥಶಾಸ್ತ್ರ ಇದೆ. ಸ್ಟ್ಯಾನ್‌ಫರ್ಡ್‌ನಲ್ಲೂ ಹಾಗೇ. ಇನ್ನೊಂದು, 'ಟ್ರಿಪಲ್ ಕ್ರೌನ್' ಅಂತ ಬ್ರೋಶರಿನಲ್ಲಿ ಮಿಂಚುತ್ತಿರುತ್ತದೆ. ಎಎಸಿಎಸ್‌ಬಿ, ಇಕ್ವಿಸ್, ಆಂಬಾ ಅನ್ನುವ ಮೂರು ಮಾನ್ಯತೆ ಸಿಕ್ಕಿದೆ ಅಂತ ಅರ್ಥ. ಒಳ್ಳೆಯದೇ. ಮೊದಲಿನ ಎರಡು ಇಡೀ ಬಿಸಿನೆಸ್ ಶಾಲೆಯನ್ನು ನೋಡುತ್ತವೆ. ಮೂರನೆಯದಾದ ಆಂಬಾ ನೋಡುವುದು ಎಂಬಿಎಯಂಥ, ಮೊದಲ ಪದವಿ ಮುಗಿದ ಮೇಲಿನ ಕೋರ್ಸುಗಳನ್ನು. ನಿಮ್ಮ ಮೂರು ವರ್ಷದ ಪದವಿಯ ಬಗ್ಗೆ ಆ ಕಿರೀಟದ ಮೂರನೆಯ ಹರಳು ಏನೂ ಹೇಳುವುದಿಲ್ಲ.

ಸಂಬಳದ ಅಂಕಿಗೆ ಬರೋಣ. 'ನಮ್ಮ ಪದವೀಧರರ ಸರಾಸರಿ ಸಂಬಳ ಇಷ್ಟು.' ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಪಾಲಕರು ಮೊದಲು ಎಡವುವುದು ಇಲ್ಲೇ. ಹತ್ತು ಮಕ್ಕಳು. ಒಂಬತ್ತು ಜನಕ್ಕೆ 20 ಸಿಕ್ಕಿತು. ಒಬ್ಬನಿಗೆ, ಅವನ ಅಪ್ಪನ ಕಂಪನಿಯಲ್ಲೇ ಅನ್ನಿ, 220 ಸಿಕ್ಕಿತು. ಸರಾಸರಿ ಎಷ್ಟು? 40. ಆ ತರಗತಿಯಲ್ಲಿ 40 ಪಡೆದವರು ಒಬ್ಬರೂ ಇಲ್ಲ! ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವರನ್ನು ಕೇಳಿದರೆ 20. ಇದನ್ನು ಮೀಡಿಯನ್ ಅನ್ನುತ್ತಾರೆ. ನೀವು ಕೇಳಬೇಕಾದದ್ದು ಅದನ್ನು. ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಇದಕ್ಕೆ ಒಂದು ಕಥೆ ಹೇಳುತ್ತಾರೆ. 1980ರ ದಶಕದಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಸರಾಸರಿ ನೋಡಿದರೆ ಭೂಗೋಳ ಓದಿದವರೇ ಭಾರಿ ಶ್ರೀಮಂತರಂತೆ. ಕಾರಣ, ಅಲ್ಲಿ ಭೂಗೋಳ ಓದಿದವರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡನ್ ಒಬ್ಬ. ಅವನು ಓದಿದ್ದು ಭೂಗೋಳವೇ, ಅದು ನಿಜ.

ಇನ್ನೂ ಒಂದು ಕಳ್ಳದಾರಿ ಇದೆ. 'ಶೇ 95 ಮಕ್ಕಳಿಗೆ ಕೆಲಸ' ಅಂತ ಹಾಕಿರುತ್ತಾರೆ. ಯಾವುದರ ಶೇ 95? ಇಡೀ ಬ್ಯಾಚಿನದಾ, ಕೆಲಸ ಬೇಕು ಅಂತ ಹೆಸರು ಕೊಟ್ಟವರದಾ, ಸಮೀಕ್ಷೆಗೆ ಉತ್ತರ ಕಳಿಸಿದವರದಾ? ಕೆಲಸ ಸಿಗದವನು ಸಮೀಕ್ಷೆಗೆ ಉತ್ತರ ಕಳಿಸುವುದೇ ಅಪರೂಪ, ಅಲ್ವಾ? ಪ್ಲೇಸ್‌ಮೆಂಟ್ ಕಚೇರಿಯಲ್ಲಿ ಹೀಗೆ ಕೇಳಿ: ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಉತ್ತರ ಕೊಟ್ಟರು, ಸಿಕ್ಕ ಕೆಲಸಗಳ ಹೆಸರೇನು. ಈ ಕೊನೆಯದನ್ನು ಬಿಡಲೇಬೇಡಿ. 'ಬಿಸಿನೆಸ್ ಡೆವಲಪ್‌ಮೆಂಟ್' ಅನ್ನುವ ದೊಡ್ಡ ಪದದ ಕೆಳಗೆ ದಿನಕ್ಕೆ ನೂರು ಫೋನ್ ಮಾಡುವ ಕೆಲಸವೂ ಇರಬಹುದು. ಆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಸೇರುವ ಮುಂಚೆ ಗೊತ್ತಿರಬೇಕು ಅನ್ನುತ್ತಿದ್ದೇನೆ.

ಹಾಗಾದರೆ ರ್‍ಯಾಂಕಿಂಗ್ ಬಿಟ್ಟು ನಾನು ಏನು ನೋಡುತ್ತೇನೆ? ಎಲ್ಲಕ್ಕಿಂತ ಮೊದಲು, ಪದವಿಯ ಒಳಗೇ ಕೆಲಸ ಇದೆಯಾ ಅಂತ. ಬ್ರೋಶರಿನಲ್ಲಿ 'ಇಂಟರ್ನ್‌ಶಿಪ್ ಅವಕಾಶಗಳು' ಅಂತ ಇದ್ದರೆ ಅದು ಬಾಯಿಮಾತು ಇರಬಹುದು. ವೇಳಾಪಟ್ಟಿಯಲ್ಲೇ ಕಟ್ಟಿದ್ದರೆ ಬೇರೆ ಮಾತು. ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ 1974ರಿಂದ ಒಂದು ಪದ್ಧತಿ ಇದೆ. ಮೂರು ತಿಂಗಳು ಕಾಲೇಜು, ಮೂರು ತಿಂಗಳು ಕಂಪನಿ, ಮತ್ತೆ ಕಾಲೇಜು. ಮೊದಲು ಕಂಪನಿಯ ಜೊತೆ ಒಪ್ಪಂದ ಆಗಬೇಕು, ಆಮೇಲೆ ಸೀಟು. ಓದುವಾಗಲೂ ಸಂಬಳ ಬರುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದಾಗಿನಿಂದಲೂ ಓದು ಒಂದು ಅವಧಿ, ಕೆಲಸ ಒಂದು ಅವಧಿ ಅನ್ನುವ ಕೋ-ಆಪ್ ಪದ್ಧತಿಗೆ ಹೆಸರಾಗಿದೆ. ಬ್ರಿಟನ್ನಿನ ಹಲವು ಬಿಸಿನೆಸ್ ಪದವಿಗಳಲ್ಲಿ ಎರಡನೇ ವರ್ಷ ಮುಗಿದ ಮೇಲೆ ಒಂದಿಡೀ ವರ್ಷ ಕಂಪನಿಯಲ್ಲಿ ಕಳೆದು ಬರಬಹುದು. ಅಮೆರಿಕದ ಬಾಬ್ಸನ್ ಕಾಲೇಜು ಇನ್ನೊಂದು ದಾರಿ ಹಿಡಿದಿತ್ತು. ಮೊದಲ ವರ್ಷದ ಮಕ್ಕಳ ಗುಂಪಿಗೆ ಕಾಲೇಜೇ ಸಣ್ಣ ಸಾಲ ಕೊಟ್ಟು ನಿಜವಾದ ವ್ಯಾಪಾರ ಮಾಡಿಸುವುದು.

ಇದರ ಬೆಲೆ ನನಗೆ ಗೊತ್ತಾದದ್ದು ತರಗತಿಯಲ್ಲೇ. ಕಂಪನಿಯಲ್ಲಿ ಒಂದು ವರ್ಷ ಇದ್ದು ವಾಪಸ್ ಬಂದ ಮಕ್ಕಳು ಬೇರೆ ತರಹ ಪ್ರಶ್ನೆ ಕೇಳುತ್ತಾರೆ. ಹೋಗುವ ಮುಂಚೆ "ಸರ್, ಇದು ಪರೀಕ್ಷೆಗೆ ಬರುತ್ತಾ?" ಬಂದ ಮೇಲೆ "ಸರ್, ಗ್ರಾಹಕ ತೊಂಬತ್ತು ದಿನ ಆದರೂ ದುಡ್ಡು ಕೊಡದಿದ್ದರೆ ಇದನ್ನು ಎಲ್ಲಿ ತೋರಿಸಬೇಕು?" ಆ ತೊಂಬತ್ತು ದಿನ ಪುಸ್ತಕದಿಂದ ಬಂದದ್ದಲ್ಲ. ಯಾರದೋ ಮೇಜಿನ ಮೇಲೆ ಬಾಕಿ ಬಿದ್ದ ಬಿಲ್ಲುಗಳನ್ನು ಅವನೇ ಎಣಿಸಿ ಬಂದಿದ್ದ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಒಂದು ವರ್ಷದ ಫೀಸ್ ನೋಡಿ ಹೋಲಿಸಬೇಡಿ, ಪದವಿ ಮುಗಿಯುವವರೆಗಿನ ಒಟ್ಟು ಖರ್ಚು ಬರೆಯಿರಿ. ಇರುವುದು, ಓಡಾಟ, ಎರಡನೇ ವರ್ಷದಿಂದ ಫೀಸ್ ಏರುತ್ತದಾ, ಎಲ್ಲ ಸೇರಿಸಿ. ಸ್ಕಾಲರ್‌ಶಿಪ್ ಸಿಕ್ಕರೆ ಮೊದಲು ಅದರ ಷರತ್ತು ಓದಿ. ಮೊದಲ ವರ್ಷ ಮಾತ್ರವಾ, ಪ್ರತಿ ವರ್ಷ ಇಷ್ಟೇ ಅಂಕ ಬರಬೇಕು ಅಂತ ಇದೆಯಾ? ಆ ಅಂಕ ತಪ್ಪಿದರೆ ಉಳಿದ ಫೀಸ್ ಕಟ್ಟುವುದಕ್ಕೆ ಆಗುತ್ತದಾ? ಸಾಲ ಮಾಡುವುದಾದರೆ, ತಿಂಗಳ ಕಂತನ್ನು ಆಗ ಹೇಳಿದ ಮೀಡಿಯನ್ ಸಂಬಳದ ಪಕ್ಕ ಇಟ್ಟು ನೋಡಿ. ಸರಾಸರಿಯ ಪಕ್ಕ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಇಲ್ಲಿ ಹಾಸಿಗೆಯನ್ನು ಅಳೆಯುವುದೇ ಕಷ್ಟದ ಕೆಲಸ.

ಕೊನೆಗೆ, ಸಾಧ್ಯವಾದರೆ, ಕಾಲೇಜಿಗೇ ಹೋಗಿ ನೋಡಿ. ಹೊಸಬರಿಗೆ ಕಾಲೇಜು ತೋರಿಸಲೆಂದೇ ಇಡುವ ಓಪನ್ ಡೇ ದಿನ ಬೇಡ. ಆವತ್ತು ಎಲ್ಲರೂ ನಗುತ್ತಿರುತ್ತಾರೆ, ಬಲೂನು ಕಟ್ಟಿರುತ್ತಾರೆ. ಸುಮ್ನೆ ಒಂದು ಮಂಗಳವಾರ ಹೋಗಿ. ಸ್ವಾಗತ ಕೋರುವ ಟೀ ಶರ್ಟ್ ಹಾಕಿಕೊಂಡವರನ್ನು ಬಿಟ್ಟು, ಲೈಬ್ರರಿ ಮೆಟ್ಟಿಲ ಮೇಲೆ ಕೂತ ಎರಡನೇ ವರ್ಷದವರನ್ನು ಮಾತಾಡಿಸಿ. 'ಕಾಲೇಜ್ ಹೇಗಿದೆ?' ಅಂತ ಕೇಳಬೇಡಿ, 'ಚೆನ್ನಾಗಿದೆ' ಅನ್ನುತ್ತಾರೆ. 'ನಿನ್ನೆ ಯಾವ ಅಸೈನ್‌ಮೆಂಟ್ ಮಾಡಿದೆ? ಹಿಂದಿನದನ್ನು ಮೇಷ್ಟ್ರು ತಿದ್ದಿ ವಾಪಸ್ ಕೊಡಲು ಎಷ್ಟು ದಿನ ಆಯಿತು? ಏನಾದರೂ ಬರೆದುಕೊಟ್ಟಿದ್ದರಾ?' ಅಂತ ಕೇಳಿ. ಹೋಗಲಾಗದಷ್ಟು ದೂರ ಇದ್ದರೆ ಈಗ ಓದುತ್ತಿರುವ ಒಬ್ಬರನ್ನು ಹುಡುಕಿ ಫೋನಿನಲ್ಲಿ ಇದನ್ನೇ ಕೇಳಿ.

ಇನ್ನು ನಿಮ್ಮ ಪ್ರಶ್ನೆಗಳು.

"ಸರ್, ನನಗೆ ಗಣಿತ ಬರಲ್ಲ. ಬಿಸಿನೆಸ್ ಓದಬಹುದಾ?"

ಬರಲ್ವಾ, ಇಷ್ಟ ಇಲ್ವಾ? ಅಕೌಂಟಿಂಗ್‌ಗೆ ಬೇಕಿರುವುದು ಕೂಡುವುದು, ಕಳೆಯುವುದು, ಭಾಗಿಸುವುದು ಮತ್ತು ತಾಳ್ಮೆ. ಸಂಖ್ಯಾಶಾಸ್ತ್ರ ಮೊದಲ ವರ್ಷದಲ್ಲಿ ಬಂದೇ ಬರುತ್ತದೆ, ತಪ್ಪಿಸಿಕೊಳ್ಳಲು ಆಗಲ್ಲ, ಆದರೆ ಕಲಿಯಬಹುದು. ಫೈನಾನ್ಸ್ ಮತ್ತು ಅರ್ಥಶಾಸ್ತ್ರ ಜಾಸ್ತಿ ಇರುವ ಕೋರ್ಸ್ ಆದರೆ ಕ್ಯಾಲ್ಕುಲಸ್ ಕೇಳಬಹುದು. ಸೇರುವ ಅರ್ಹತೆಯಲ್ಲೇ ಗಣಿತ ಎಷ್ಟು ಕೇಳಿದ್ದಾರೆ ನೋಡು. ಗಣಿತ ಜೋರಾಗಿ ಕೇಳಿದ್ದರೆ ಒಳಗೂ ಜೋರಾಗೇ ಇರುತ್ತದೆ.

"ಮಗ ಮುಂದೆ ಎಂಬಿಎ ಮಾಡ್ತಾನೆ. ಹಾಗಿದ್ದ ಮೇಲೆ ಈಗಲೇ ಯಾಕೆ ಬಿಸಿನೆಸ್, ಬೇರೆ ಏನಾದರೂ ಓದಲಿ ಅಂತಾರಲ್ಲ?"

ಒಳ್ಳೆಯ ಪ್ರಶ್ನೆ, ಅಮ್ಮ. ಎಂಬಿಎಗೆ ಬಿಸಿನೆಸ್ ಪದವಿಯೇ ಬೇಕು ಅಂತ ಇಲ್ಲ. ಎಂಜಿನಿಯರಿಂಗ್, ಇತಿಹಾಸ ಓದಿದವರೂ ಸೇರುತ್ತಾರೆ. ನಿಮ್ಮ ಮಗನಿಗೆ ಬೇರೆ ಯಾವುದಾದರೂ ವಿಷಯದ ಹುಚ್ಚು ಇದ್ದರೆ ಅದನ್ನೇ ಓದಿಸಿ, ಬಿಸಿನೆಸ್ ಕಾಯುತ್ತದೆ. ಇಲ್ಲದಿದ್ದರೆ ಸಾಮಾನ್ಯ ಬಿಸಿನೆಸ್ ಪದವಿ ಕೆಟ್ಟ ಆಯ್ಕೆ ಏನಲ್ಲ. ಅವನು ಎಲ್ಲಿ? ಬಂದಿಲ್ವಾ? ಹಾಗಿದ್ದರೆ ಮೊದಲು ಅವನನ್ನು ಕೇಳಿ.

"ಸರ್, ತಪ್ಪು ಆರಿಸಿಕೊಂಡರೆ?"

ಮೂರನೇ ಸಾಲಿನ ಹುಡುಗಿ ಇದನ್ನು ಕೇಳಿದಾಗ ಸಭೆಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ. ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಅದೇ ಇರಬೇಕು.

ಷೇರು ಹೂಡಿಕೆಯಿಂದಲೇ ದೊಡ್ಡ ಶ್ರೀಮಂತರಾದ ವಾರೆನ್ ಬಫೆಟ್ ಹೆಸರು ಕೇಳಿದ್ದೀಯ ತಾನೆ? ಅವರು ಮೊದಲು ಸೇರಿದ್ದು ನಾನು ಆಗಲೇ ಹೇಳಿದ ವಾರ್ಟನ್‌ಗೆ. ಎರಡು ವರ್ಷ ಓದಿ ಬಿಟ್ಟರು. ಮನೆಯ ಕಡೆಯ ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಬಂದು ಬಿಸಿನೆಸ್ ಪದವಿ ಮುಗಿಸಿದರು. ಆಮೇಲೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ಗೆ ಅರ್ಜಿ ಹಾಕಿದರು, ಅಲ್ಲಿಯವರು ತೆಗೆದುಕೊಳ್ಳಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೂಡಿಕೆಯ ದೊಡ್ಡ ಗುರು ಬೆಂಜಮಿನ್ ಗ್ರಹಾಂ ಪಾಠ ಮಾಡುತ್ತಾರೆ ಅಂತ ಗೊತ್ತಾಗಿ ಅಲ್ಲಿಗೆ ಹೋದರು. 1951ರಲ್ಲಿ ಅಲ್ಲಿಂದ ಸ್ನಾತಕೋತ್ತರ ಪದವಿ. ನಾವೂ ಬಫೆಟ್ ಆಗುತ್ತೇವೆ ಅಂತ ಇದನ್ನು ಹೇಳುತ್ತಿಲ್ಲ. ದೊಡ್ಡ ಹೆಸರು ಬಿಟ್ಟು ಬರುವುದು ನಡೆಯುತ್ತದೆ, ಒಬ್ಬ ಮೇಷ್ಟ್ರಿಗಾಗಿ ವಿಶ್ವವಿದ್ಯಾಲಯ ಆರಿಸುವುದೂ ನಡೆಯುತ್ತದೆ.

ಆದರೆ ಬಿಡುವುದಾದರೆ ಬೇಗ ಬಿಡು. ಮೊದಲ ಸೆಮಿಸ್ಟರಿನಲ್ಲಿ ಎಲ್ಲರಿಗೂ ಕಷ್ಟ ಆಗುತ್ತದೆ, ಅದನ್ನು ಲೆಕ್ಕಕ್ಕೆ ತಗೋಬೇಡ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಇನ್ನೂ ಬೇಡ ಅನ್ನಿಸಿದರೆ, ಓದಿದ ಕ್ರೆಡಿಟ್‌ಗಳನ್ನು ಬೇರೆ ಕೋರ್ಸಿಗೆ ಎಷ್ಟು ಹಾಕಿಕೊಳ್ಳುತ್ತಾರೆ ಅಂತ ಬರವಣಿಗೆಯಲ್ಲಿ ಕೇಳು. 'ಒಂದು ವರ್ಷದ ಫೀಸ್ ಕಟ್ಟಿಯಾಗಿದೆ' ಅನ್ನುವ ಕಾರಣಕ್ಕೆ ಮಾತ್ರ ಉಳಿಯಬೇಡ. ಆ ದುಡ್ಡು ನೀನು ಉಳಿದರೂ ಬರಲ್ಲ, ಹೋದರೂ ಬರಲ್ಲ. ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ಇದನ್ನೇ ಒಂದು ಪಾಠ ಮಾಡುತ್ತಾರೆ. ಅಲ್ಲಿಯವರೆಗೆ ಓದಿರುತ್ತೀಯಲ್ಲ, ಉಪಯೋಗಿಸಿಕೋ.